ತಿಳಿನೀರು, ಶುದ್ಧನೀರು

ತುಮಕೂರು ನಗರಕ್ಕೆ ಅನತಿದೂರದಲ್ಲಿ, ಕಾಡಿನ ನಡುವೆ ತಲೆಯೆತ್ತಿ ನಿಂತಿರುವ ಬೆಟ್ಟವೇ ದೇವರಾಯನದುರ್ಗ. ಸಮುದ್ರಮಟ್ಟದಿಂದ ಸುಮಾರು ೧,೨೦೦ ಮೀಟರು ಎತ್ತರದ ಈ ಗಿರಿಗೆ ಭೋಗನರಸಿಂಹ, ಯೋಗನರಸಿಂಹ ಸ್ವಾಮಿಗಳ ದರ್ಶನಕ್ಕೆಂದು ಯಾತ್ರಿಕರು ಬರುತ್ತಾರೆ. ಭೂಗೋಳವನ್ನು ಓದುವವರಿಗೆ ಇದು ಇನ್ನೊಂದು ಕಾರಣದಿಂದಲೂ ಗಮನಾರ್ಹವಾದುದು. ಈ ಬೆಟ್ಟಸಾಲಿನಲ್ಲಿ ಹುಟ್ಟುವ ಜಯಮಂಗಲಿಯು ಉತ್ತರದ ಕಡೆಗೆ ಹರಿದು ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಇಲ್ಲಿಯೇ ಹುಟ್ಟುವ ಶಿಂಷಾ ನದಿಯು ದಕ್ಷಿಣಕ್ಕೆ ಇಳಿದು, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯವನ್ನು ತುಂಬಿ, ಮುಂದೆ ಕಾವೇರಿಯನ್ನು ಕೂಡುತ್ತದೆ. ಒಂದೇ ಬೆಟ್ಟದ ಮೇಲೆ ಬಿದ್ದ ಮಳೆ ಎರಡು ದಿಕ್ಕಿಗೆ ಹರಿದು ಎರಡು ಮಹಾನದಿಗಳ ಪಾಲಾಗುತ್ತದೆ.

ಇದೇ ಬೆಟ್ಟದ ಬುಡದಲ್ಲಿ ನಾಮದ ಚಿಲುಮೆ ಎಂಬ ಪ್ರಸಿದ್ಧವಾದ ಒರತೆಯಿದೆ. ವನವಾಸದ ಕಾಲದಲ್ಲಿ ಶ್ರೀರಾಮನು ಹಣೆಗೆ ನಾಮವಿಟ್ಟುಕೊಳ್ಳಲು ನೀರು ದೊರೆಯದೆ ಬಂಡೆಗೆ ಬಾಣವನ್ನು ಬಿಟ್ಟನೆಂದೂ, ಬಾಣ ತಾಗಿದೆಡೆಯಲ್ಲಿ ನೀರು ಚಿಮ್ಮಿತೆಂದೂ ಸ್ಥಳಪುರಾಣವು ಹೇಳುತ್ತದೆ. ತುಮಕೂರಿಗೆ ಸಮೀಪದ ಸಿದ್ಧಗಂಗೆಯ ಬೆಟ್ಟಕ್ಕೂ ಬಂಡೆಯೊಳಗಿನಿಂದ ಗಂಗೆ ಉಕ್ಕಿದ ಕಥೆಯುಂಟು. ಮಳೆ ಕಡಿಮೆಯಾದ ಸೀಮೆಯಲ್ಲಿ ಬಾಳಿದ ನಮ್ಮ ಹಿರಿಯರಿಗೆ ಕಲ್ಲಿನಿಂದ ತಿಳಿನೀರು ಜಿನುಗುವುದು ದೇವರ ಕೃಪೆಯಾಗಿಯೇ ಕಂಡುದರಲ್ಲಿ ಆಶ್ಚರ್ಯವಿಲ್ಲ. ಆ ಭಾವನೆಗೆ ಕುಂದು ಬಾರದಂತೆಯೇ ನಾವು ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕಾಗಿದೆ. ಕಣ್ಣಿಗೆ ತಿಳಿಯಾಗಿ ಕಾಣುವ ನೀರೆಲ್ಲವೂ ಕುಡಿಯಲು ಯೋಗ್ಯವೇ?

ಬೆಟ್ಟದ ಮೇಲೆ ಬಿದ್ದ ಮಳೆನೀರು ತರಗೆಲೆಯ ಹಾಸು, ಮಣ್ಣು, ಮರಳು, ಗರಸುಗಳ ಪದರಗಳನ್ನು ದಾಟಿ, ಬಂಡೆಯ ಬಿರುಕುಗಳಲ್ಲಿ ಮೆಲ್ಲಮೆಲ್ಲನೆ ಇಳಿಯುತ್ತದೆ. ಈ ದಾರಿಯಲ್ಲಿ ಕೆಸರು ಹಿಂದುಳಿಯುತ್ತದೆ; ರೋಗಾಣುಗಳಲ್ಲಿ ಬಹುಪಾಲು ಮಣ್ಣಿನ ಕಣಗಳಿಗೆ ಅಂಟಿಕೊಂಡೋ ಆಹಾರ ದೊರೆಯದೆಯೋ ನಾಶವಾಗುತ್ತವೆ. ಹೀಗೆ ನೆಲವೇ ಒಂದು ದೊಡ್ಡ ಶೋಧಕ. ಆದರೆ ಈ ಶೋಧಕವು ನೀರಿನಿಂದ ಕೆಲವನ್ನು ತೆಗೆಯುವಂತೆಯೇ ಕೆಲವನ್ನು ನೀರಿಗೆ ಸೇರಿಸುತ್ತದೆ ಎಂಬುದನ್ನು ನಾವು ಮರೆಯಲಾಗದು. ಕಲ್ಲಿನೊಡನೆ ನೀರು ಹೆಚ್ಚು ಕಾಲ ಇದ್ದಷ್ಟೂ ಕಲ್ಲಿನಲ್ಲಿರುವ ಲವಣಗಳು ಅದರಲ್ಲಿ ಕರಗುತ್ತವೆ. ಸುಣ್ಣದ ಅಂಶ ಹೆಚ್ಚಾದರೆ ನೀರು ಗಡಸಾಗುತ್ತದೆ. ಬೇಳೆ ಬೇಯುವುದಿಲ್ಲ, ಸೋಪು ನೊರೆಗಟ್ಟುವುದಿಲ್ಲ. ಕಣಶಿಲೆಯ ಕೆಲವು ಖನಿಜಗಳಿಂದ ಫ್ಲೋರೈಡ್ ಎಂಬ ಅಂಶವೂ ನೀರನ್ನು ಸೇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ನಾಲಗೆಗೆ ತಿಳಿಯುವ ರುಚಿಯೂ ಇಲ್ಲ. ತುಮಕೂರು ಜಿಲ್ಲೆಯಲ್ಲಿ ಪಾವಗಡ, ಶಿರಾ, ಮಧುಗಿರಿ ತಾಲ್ಲೂಕುಗಳ ಅನೇಕ ಹಳ್ಳಿಗಳ ಅಂತರ್ಜಲದಲ್ಲಿ ಇದು ಮಿತಿಮೀರಿ ಕಂಡುಬಂದಿದೆ. ಹಿಂದೆ ಜನರು ಕೆರೆಯ ಮತ್ತು ತೆರೆದ ಬಾವಿಯ ನೀರನ್ನು ಕುಡಿಯುತ್ತಿದ್ದರು. ಬಾವಿಗಳು ಬತ್ತಿ, ಕೊಳವೆಬಾವಿಗಳು ನೂರಾರು ಅಡಿ ಆಳಕ್ಕೆ ಇಳಿದಂತೆಲ್ಲ, ಬಹುಕಾಲ ಬಂಡೆಯೊಳಗೆ ನಿಂತಿದ್ದ ನೀರು ಮೇಲೆ ಬಂದು ನಮ್ಮ ಕೊಡವನ್ನು ತುಂಬತೊಡಗಿತು.

ಆದ್ದರಿಂದ ನೀರಿನಲ್ಲಿರುವ ಕಲ್ಮಶಗಳನ್ನು ಮೂರು ಬಗೆಯಾಗಿ ವಿಂಗಡಿಸಿಕೊಳ್ಳುವುದು ಮೇಲು. ಮೊದಲನೆಯದು ತೇಲುವ ಕಲ್ಮಶ. ಮಣ್ಣು, ಪಾಚಿ, ಕಸಕಡ್ಡಿ ಮುಂತಾದವು ಇದಕ್ಕೆ ಸೇರುತ್ತವೆ. ಎರಡನೆಯದು ಜೀವಂತ ಕಲ್ಮಶ. ಕಾಲರಾ, ವಿಷಮಶೀತಜ್ವರ, ಆಮಶಂಕೆ, ಕಾಮಾಲೆಗಳನ್ನು ತರುವ ಸೂಕ್ಷ್ಮಜೀವಿಗಳು ಇದರಲ್ಲಿ ಮುಖ್ಯವಾದವು. ಮೂರನೆಯದು ಕರಗಿದ ಕಲ್ಮಶ. ಲವಣಗಳು, ಫ್ಲೋರೈಡ್, ಗೊಬ್ಬರ ಮತ್ತು ಚರಂಡಿಗಳಿಂದ ಇಳಿದು ಬರುವ ನೈಟ್ರೇಟ್ ಇತ್ಯಾದಿಗಳು. ಇವುಗಳಲ್ಲಿ ಮೊದಲನೆಯದು ಮಾತ್ರ ಕಣ್ಣಿಗೆ ಬೀಳುತ್ತದೆ. ಉಳಿದೆರಡು ಇರುವ ನೀರು ಗಾಜಿನ ಲೋಟದಲ್ಲಿ ಹೊಳೆಯುತ್ತಿರಬಹುದು. ಮೂರು ಬಗೆಯ ಕಲ್ಮಶಕ್ಕೂ ಒಂದೇ ಮದ್ದಿಲ್ಲ. ಮನೆಯಲ್ಲಿ ಶೋಧಕವನ್ನು ಹೂಡುವವರು ಮೊಟ್ಟಮೊದಲು ತಿಳಿಯಬೇಕಾದ ಸಂಗತಿಯೇ ಇದು.

ಶೋಧಕಗಳಲ್ಲೆಲ್ಲ ಸರಳವಾದುದು ಬಟ್ಟೆ. ಕೊಡದ ಬಾಯಿಗೆ ಬಿಳಿಯ ಬಟ್ಟೆಯನ್ನು ಮಡಿಸಿ ಕಟ್ಟಿ ನೀರು ಸೋಸುವುದು ನಮ್ಮ ಮನೆಗಳಲ್ಲಿ ತಲೆತಲಾಂತರದಿಂದ ನಡೆದುಬಂದ ರೂಢಿ. ಇದನ್ನು ಅಲ್ಪವೆಂದು ಎಣಿಸಬಾರದು. ಒಂದು ಕಾಲದಲ್ಲಿ ರಾಜಸ್ಥಾನವೇ ಮೊದಲಾದ ರಾಜ್ಯಗಳನ್ನೂ ಉತ್ತರ ಕರ್ನಾಟಕದ ಹಲವು ಭಾಗಗಳನ್ನೂ ನಾರುಹುಣ್ಣು ಎಂಬ ರೋಗವು ಕಾಡುತ್ತಿತ್ತು. ಮೆಟ್ಟಿಲುಬಾವಿಯ ನೀರಿನಲ್ಲಿ ಬದುಕುವ ಸೈಕ್ಲಾಪ್ಸ್ ಎಂಬ ಪುಟ್ಟ ಜೀವಿಯ ಹೊಟ್ಟೆಯಲ್ಲಿದ್ದ ಹುಳುವಿನ ಮರಿ, ನೀರು ಕುಡಿದವನ ದೇಹವನ್ನು ಹೊಕ್ಕು ಬೆಳೆದು, ಸುಮಾರು ಒಂದು ವರ್ಷದ ಬಳಿಕ ಕಾಲಿನ ಚರ್ಮವನ್ನು ಸೀಳಿಕೊಂಡು ನೂಲಿನಂತೆ ಹೊರಬರುತ್ತಿತ್ತು. ಇದಕ್ಕೆ ಲಸಿಕೆಯಿಲ್ಲ, ಗುಣಪಡಿಸುವ ಔಷಧಿಯೂ ಇರಲಿಲ್ಲ. ಆದರೆ ಸೈಕ್ಲಾಪ್ಸ್ ಬಟ್ಟೆಯ ಎಳೆಗಳ ನಡುವೆ ನುಸುಳಲಾರದಷ್ಟು ದೊಡ್ಡದು. ನೀರನ್ನು ಸೋಸಿ ಕುಡಿಯುವುದು, ಮೆಟ್ಟಿಲುಬಾವಿಗಳನ್ನು ಮಾರ್ಪಡಿಸಿ ಜನರು ನೀರಿಗಿಳಿಯದಂತೆ ಮಾಡುವುದು ಮುಂತಾದ ಕ್ರಮಗಳಿಂದಲೇ ಆ ರೋಗವು ತೊಲಗಿತು. ೧೯೯೬ರ ಅನಂತರ ಭಾರತದಲ್ಲಿ ಹೊಸ ರೋಗಿ ಕಂಡುಬರಲಿಲ್ಲ; ೨೦೦೦ದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ನಮ್ಮ ದೇಶವನ್ನು ನಾರುಹುಣ್ಣಿನಿಂದ ಮುಕ್ತವೆಂದು ಸಾರಿತು.

ಬಟ್ಟೆಯ ಕಣ್ಣಿಗೆ ಸಿಲುಕದ ರೋಗಾಣುಗಳನ್ನು ಮರಳು ತಡೆಯಬಲ್ಲದು. ಇದಕ್ಕೆ ಜರ್ಮನಿಯ ಎರಡು ನಗರಗಳ ಕಥೆ ಸಾಕ್ಷಿಯಾಗಿದೆ. ಹ್ಯಾಂಬರ್ಗ್ ಮತ್ತು ಆಲ್ಟೋನಾ ಎಂಬ ಈ ನಗರಗಳು ಎಲ್ಬೆ ನದಿಯ ದಡದಲ್ಲಿ ಒಂದಕ್ಕೊಂದು ಅಂಟಿಕೊಂಡೇ ಇದ್ದವು. ಹ್ಯಾಂಬರ್ಗಿನವರು ನದಿಯ ಮೇಲ್ಭಾಗದಿಂದ ನೀರನ್ನು ತೆಗೆದು, ಸೋಸದೆಯೇ ಮನೆಮನೆಗೆ ಹರಿಸುತ್ತಿದ್ದರು. ಆಲ್ಟೋನಾದವರು ಹ್ಯಾಂಬರ್ಗಿನ ಚರಂಡಿಗಳು ಕೂಡಿದ ಮೇಲೆ, ನದಿಯ ಕೆಳಭಾಗದಿಂದ ನೀರನ್ನು ಪಡೆಯುತ್ತಿದ್ದರು. ಆದರೆ ಅದನ್ನು ಮರಳಿನ ಹಾಸುಗಳ ಮೂಲಕ ನಿಧಾನವಾಗಿ ಇಳಿಸಿ ಶೋಧಿಸುತ್ತಿದ್ದರು. ೧೮೯೨ರಲ್ಲಿ ಕಾಲರಾ ಮಾರಿ ಬಂದಾಗ ಹ್ಯಾಂಬರ್ಗಿನಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಜನರು ಸತ್ತರು. ಹೊಲಸು ನೀರನ್ನು ಶೋಧಿಸಿ ಕುಡಿದ ಆಲ್ಟೋನಾದಲ್ಲಿ ಸಾವು ಬಹಳ ಕಡಿಮೆಯಾಗಿತ್ತು. ಎರಡು ನಗರಗಳ ಗಡಿಯಾಗಿದ್ದ ಬೀದಿಯಲ್ಲಿ ಒಂದು ಪಕ್ಕಕ್ಕೆ ರೋಗ ತಗುಲಿ ಇನ್ನೊಂದು ಪಕ್ಕ ಉಳಿದುದನ್ನು ಕಂಡ ವಿಜ್ಞಾನಿ ರಾಬರ್ಟ್ ಕಾಖ್, ರೋಗವು ಗಾಳಿಯಿಂದಲ್ಲ, ನೀರಿನಿಂದಲೇ ಹರಡಿತೆಂದು ತೋರಿಸಿಕೊಟ್ಟನು.

ಮರಳಿನ ಕಣಗಳ ನಡುವಣ ಸಂದು ರೋಗಾಣುವಿಗಿಂತ ಎಷ್ಟೋ ಪಾಲು ದೊಡ್ಡದು. ಹೀಗಿದ್ದರೂ ಅದು ರೋಗಾಣುವನ್ನು ತಡೆಯುವುದು ಹೇಗೆ? ನೀರು ನಿಧಾನವಾಗಿ ಇಳಿಯುವಾಗ ಮರಳಿನ ಮೇಲ್ಪದರದಲ್ಲಿ ಲೋಳೆಯಂಥ ಒಂದು ಪೊರೆ ಬೆಳೆಯುತ್ತದೆ. ಅದರಲ್ಲಿ ವಾಸಿಸುವ ನಿರಪಾಯಕರವಾದ ಸೂಕ್ಷ್ಮಜೀವಿಗಳು ರೋಗಾಣುಗಳನ್ನು ಹಿಡಿದು ತಿನ್ನುತ್ತವೆ. ಮನೆಗಳಲ್ಲಿ ಬಳಸುವ ಕ್ಯಾಂಡಲ್ ಫಿಲ್ಟರು ಬೇರೆ ತತ್ತ್ವದ ಮೇಲೆ ನಿಂತಿದೆ. ೧೮೮೪ರಲ್ಲಿ ಫ್ರಾನ್ಸಿನ ಲೂಯಿ ಪಾಸ್ತರನ ಸಹೋದ್ಯೋಗಿಯಾದ ಷಾರ್ಲ್ ಷಾಂಬರ್ಲಾನನು ಮೆರುಗಿಲ್ಲದ ಪಿಂಗಾಣಿಯ ಕೊಳವೆಯೊಂದನ್ನು ರೂಪಿಸಿದನು. ಅದರ ರಂಧ್ರಗಳು ಬ್ಯಾಕ್ಟೀರಿಯಗಳಿಗೂ ದಾರಿಗೊಡದಷ್ಟು ಕಿರಿದು. ಇಂದಿನ ಕ್ಯಾಂಡಲುಗಳೂ ಆ ಕುಲಕ್ಕೇ ಸೇರಿದವು. ಆದರೆ ಅವುಗಳಲ್ಲಿ ಗುಣಭೇದವುಂಟು. ಬ್ಯಾಕ್ಟೀರಿಯವನ್ನು ತಡೆಯುವ ಉತ್ತಮ ಕ್ಯಾಂಡಲೂ ಅದಕ್ಕಿಂತ ಬಹು ಸಣ್ಣದಾದ ಕಾಮಾಲೆಯ ವೈರಸ್ಸನ್ನು ತಡೆಯುವುದೆಂಬ ಭರವಸೆಯಿಲ್ಲ. ಆದುದರಿಂದಲೇ ವೈದ್ಯರು ನೀರನ್ನು ಸೋಸಿದ ಮೇಲೂ ಕುದಿಸಬೇಕೆಂದು ಹೇಳುವುದು. ನೀರು ತಳಮಳ ಕುದಿಯಲು ಮೊದಲಾಗಿ ಒಂದು ನಿಮಿಷ ಕಳೆದರೆ ಸಾಕು, ರೋಗಾಣುಗಳು ಸಾಯುತ್ತವೆ.

ಹಾಗಾದರೆ ಕುದಿಸಿದ ನೀರು ಸರ್ವಥಾ ಸುರಕ್ಷಿತವೇ? ಮೂರನೆಯ ಬಗೆಯ ಕಲ್ಮಶವನ್ನು ಇಲ್ಲಿ ನೆನಪಿಗೆ ತಂದುಕೊಳ್ಳಬೇಕು. ಕುದಿಯುವಾಗ ಹಬೆಯಾಗಿ ಹೋಗುವುದು ನೀರು ಮಾತ್ರ. ಫ್ಲೋರೈಡ್ ಪಾತ್ರೆಯಲ್ಲಿಯೇ ಉಳಿಯುತ್ತದೆ. ನಾಲ್ಕು ಲೀಟರು ನೀರು ಕುದಿದು ಮೂರು ಲೀಟರಾದರೆ, ನಾಲ್ಕು ಲೀಟರಿನಲ್ಲಿದ್ದ ಫ್ಲೋರೈಡ್ ಮೂರು ಲೀಟರಿನಲ್ಲಿ ಸಾಂದ್ರವಾಗಿ ಸೇರುತ್ತದೆ. ಫ್ಲೋರೈಡ್ ಇರುವ ಊರಿನಲ್ಲಿ, ಮಗುವಿಗೆ ಕಾಯಿಲೆ ಬಾರದಿರಲೆಂದು ತಾಯಿಯು ನೀರನ್ನು ಬಹಳ ಹೊತ್ತು ಕಾಯಿಸಿದಷ್ಟೂ ಆ ಮಗುವಿನ ಲೋಟದಲ್ಲಿ ಅದು ಹೆಚ್ಚುತ್ತದೆ. ಅಕ್ಕರೆಯೊಂದೇ ಸಾಲದು, ಅರಿವೂ ಬೇಕೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಾಗಿಲ್ಲ.

ಫ್ಲೋರೈಡಿನ ಕೇಡನ್ನು ನಮ್ಮ ದೇಶದಲ್ಲಿ ವಿಜ್ಞಾನಿಗಳು ಮೊದಲು ಗುರುತಿಸಿದುದು ೧೯೩೭ರಲ್ಲಿ, ಅಂದಿನ ಮದರಾಸು ಪ್ರಾಂತಕ್ಕೆ ಸೇರಿದ್ದ ನೆಲ್ಲೂರು ಜಿಲ್ಲೆಯಲ್ಲಿ. ಹಲ್ಲುಗಳು ರೂಪುಗೊಳ್ಳುವ ವಯಸ್ಸಿನ ಮಕ್ಕಳು ಇಂತಹ ನೀರನ್ನು ಕುಡಿದರೆ ಹಲ್ಲಿನ ಮೇಲೆ ಕಂದು ಕಲೆಗಳು ಮೂಡುತ್ತವೆ. ತಿಕ್ಕಿದರೆ ಅವು ಹೋಗುವುದಿಲ್ಲ. ವರ್ಷಗಟ್ಟಲೆ ಕುಡಿದವರ ಮೂಳೆ ಕೀಲುಗಳು ಬಿಗಿಯುತ್ತವೆ, ಬೆನ್ನು ಬಾಗುತ್ತದೆ, ನಡುವಯಸ್ಸಿನವನೂ ಮುದುಕನಂತೆ ಕೋಲೂರಿ ನಡೆಯಬೇಕಾಗುತ್ತದೆ. ಒಮ್ಮೆ ಬಾಗಿದ ಮೂಳೆಯನ್ನು ನೇರಮಾಡುವ ಔಷಧವಿಲ್ಲ. ಆದುದರಿಂದ ತಡೆಯುವುದೊಂದೇ ದಾರಿ. ಭಾರತೀಯ ಮಾನಕದ ಪ್ರಕಾರ ಒಂದು ಲೀಟರು ಕುಡಿಯುವ ನೀರಿನಲ್ಲಿ ಫ್ಲೋರೈಡ್ ಒಂದು ಮಿಲಿಗ್ರಾಮನ್ನು ಮೀರದಿರುವುದು ಲೇಸು. ಬೇರೆ ನೀರು ಸಿಗದಿದ್ದರೆ ಒಂದೂವರೆ ಮಿಲಿಗ್ರಾಮಿನವರೆಗೆ ಸೈರಿಸಬಹುದು.

ಕರಗಿದ ಕಲ್ಮಶವನ್ನು ತೆಗೆಯಲು ಬಟ್ಟೆ, ಮರಳು, ಕ್ಯಾಂಡಲುಗಳಿಂದ ಸಾಧ್ಯವಾಗದು. ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆಯು ಪಟಿಕ ಮತ್ತು ಸುಣ್ಣವನ್ನು ಲೆಕ್ಕವಾಗಿ ಬೆರೆಸಿ, ಕದಡಿ, ಫ್ಲೋರೈಡನ್ನು ಗಸಿಯೊಡನೆ ತಳಕ್ಕಿಳಿಸುವ ‘ನಲ್ಗೊಂಡ ವಿಧಾನ’ವನ್ನು ರೂಪಿಸಿತು. ಇಂದು ಹೆಚ್ಚಾಗಿ ಬಳಕೆಯಲ್ಲಿರುವುದು ಹಿಮ್ಮುಖ ಅಭಿಸರಣೆಯ ಯಂತ್ರ. ಜನರ ಮಾತಿನಲ್ಲಿ ಆರ್.ಒ. ಅತಿ ಸೂಕ್ಷ್ಮ ರಂಧ್ರಗಳುಳ್ಳ ಪೊರೆಯ ಮೂಲಕ ನೀರನ್ನು ಒತ್ತಡದಿಂದ ನೂಕಿದಾಗ ನೀರು ದಾಟುತ್ತದೆ, ಲವಣಗಳಲ್ಲಿ ಬಹುಪಾಲು ಹಿಂದುಳಿಯುತ್ತವೆ. ಈ ಕೆಲಸಕ್ಕೆ ಒದಗುವ ಪೊರೆಯನ್ನು ೧೯೫೦ರ ದಶಕದ ಕೊನೆಯಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಸಿದ್ಧಪಡಿಸಿದ ಇಬ್ಬರಲ್ಲಿ ಒಬ್ಬರು ಸಿಡ್ನಿ ಲೋಬ್; ಇನ್ನೊಬ್ಬರು ಭಾರತದಲ್ಲಿ ಹುಟ್ಟಿದ ಶ್ರೀನಿವಾಸ ಸೌರಿರಾಜನ್. ಕರ್ನಾಟಕದ ಅನೇಕ ಹಳ್ಳಿಗಳಲ್ಲಿ ಸರ್ಕಾರವು ಸ್ಥಾಪಿಸಿರುವ ಶುದ್ಧ ಕುಡಿಯುವ ನೀರಿನ ಘಟಕಗಳು ಇದೇ ತತ್ತ್ವದ ಮೇಲೆ ಕೆಲಸ ಮಾಡುತ್ತವೆ.

ಆದರೆ ಈ ಯಂತ್ರಕ್ಕೆ ತೆರಬೇಕಾದ ಬೆಲೆ ಹಣವೊಂದೇ ಅಲ್ಲ. ಮನೆಯ ಯಂತ್ರವು ಒಂದು ಲೀಟರು ನೀರನ್ನು ಕೊಡುವಾಗ ಸಾಮಾನ್ಯವಾಗಿ ಎರಡು ಮೂರು ಲೀಟರು ನೀರನ್ನು ಹೊರಗೆ ಬಿಡುತ್ತದೆ. ಐದು ಮಂದಿಯ ಕುಟುಂಬಕ್ಕೆ ಕುಡಿಯಲು, ಅಡಿಗೆಗೆ ದಿನಕ್ಕೆ ೨೦ ಲೀಟರು ಬೇಕೆಂದು ಎಣಿಸೋಣ. ಮೂರು ಪಾಲು ನೀರು ಹೊರಹೋಗುವ ಯಂತ್ರವಾದರೆ ದಿನಕ್ಕೆ ೬೦ ಲೀಟರು, ವರ್ಷಕ್ಕೆ ಸುಮಾರು ೨೨,೦೦೦ ಲೀಟರು ಮೋರಿಯ ಪಾಲಾಗುತ್ತದೆ. ಮೇಲಾಗಿ, ಪೊರೆಯು ಬೇಡದ ಲವಣದೊಡನೆ ದೇಹಕ್ಕೆ ಬೇಕಾದ ಲವಣಗಳನ್ನೂ ತೆಗೆಯುತ್ತದೆ. ಕರಗಿದ ಘನವಸ್ತುಗಳು ಲೀಟರಿಗೆ ೫೦೦ ಮಿಲಿಗ್ರಾಮಿಗಿಂತ ಕಡಿಮೆ ಇರುವಲ್ಲಿ ಈ ಯಂತ್ರದ ಬಳಕೆಯನ್ನು ನಿಷೇಧಿಸಬೇಕೆಂದು ೨೦೧೯ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ನಿರ್ದೇಶಿಸಿದುದಕ್ಕೆ ನೀರಿನ ಈ ನಷ್ಟವೇ ಕಾರಣ.

ಆದ್ದರಿಂದ ಶೋಧಕವನ್ನು ಕೊಳ್ಳುವ ಮುನ್ನ ನೀರನ್ನು ಪರೀಕ್ಷೆ ಮಾಡಿಸಬೇಕು. ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯಗಳಲ್ಲಿ ಇಂತಹ ಪರೀಕ್ಷೆ ನಡೆಯುತ್ತದೆ. ರೋಗಾಣುಗಳ ಪರೀಕ್ಷೆಗೆ ಕೊಡುವ ನೀರನ್ನು ಪ್ರಯೋಗಾಲಯದವರು ಕೊಟ್ಟ ಶುದ್ಧವಾದ ಸೀಸೆಯಲ್ಲಿಯೇ ಹಿಡಿದು, ತಡಮಾಡದೆ ತಲಪಿಸಬೇಕು. ಮಳೆಗಾಲದ ಮೊದಲು ಒಮ್ಮೆ, ಅನಂತರ ಒಮ್ಮೆ ಪರೀಕ್ಷಿಸುವುದು ಉತ್ತಮ. ಏಕೆಂದರೆ ಬೇಸಗೆಯಲ್ಲಿ ಲವಣ ಹೆಚ್ಚುವುದೂ, ಮಳೆಯಲ್ಲಿ ಹೊಲಸು ಸೇರುವುದೂ ಸಹಜ. ಅಂಗಡಿಗಳಲ್ಲಿ ಮಾರುವ ಟಿ.ಡಿ.ಎಸ್. ಕಡ್ಡಿಯನ್ನು ಅದ್ದಿ ನೋಡಿದರೆ ಕರಗಿದ ಲವಣಗಳ ಒಟ್ಟು ಮೊತ್ತದ ಅಂದಾಜು ಸಿಗುತ್ತದೆಯೇ ಹೊರತು, ಅದರಲ್ಲಿ ಫ್ಲೋರೈಡ್ ಎಷ್ಟು, ರೋಗಾಣು ಇದೆಯೇ ಎಂಬುದು ತಿಳಿಯುವುದಿಲ್ಲ.

ಪರೀಕ್ಷೆಯ ಫಲವನ್ನು ನೋಡಿ ಶೋಧಕವನ್ನು ಆರಿಸಬೇಕು. ತುಮಕೂರು ನಗರಕ್ಕೆ ಹೇಮಾವತಿಯ ನಾಲೆಯಿಂದ ಬಂದ ನೀರು ಬುಗುಡನಹಳ್ಳಿಯ ಕೆರೆಯಲ್ಲಿ ನಿಂತು, ಶುದ್ಧೀಕರಣವಾಗಿ ನಲ್ಲಿಗೆ ಬರುತ್ತದೆ. ಇದು ನದಿಯ ನೀರು; ಆಳದ ಬಂಡೆಯ ನೀರಿನಷ್ಟು ಲವಣ ಇದರಲ್ಲಿ ಇರುವುದಿಲ್ಲ. ಇಂತಹ ನೀರಿಗೆ ಕ್ಯಾಂಡಲ್ ಮತ್ತು ಕುದಿಸುವಿಕೆ, ಇಲ್ಲವೇ ನೇರಳಾತೀತ ಕಿರಣದ ದೀಪವುಳ್ಳ ಶೋಧಕ ಸಾಕಾಗಬಹುದು. ಗುಬ್ಬಿಯ ಕಡೆಯ ತೋಟದ ಮನೆಯೊಂದು ಆಳವಾದ ಕೊಳವೆಬಾವಿಯನ್ನೇ ನಂಬಿದ್ದು, ಅದರಲ್ಲಿ ಫ್ಲೋರೈಡ್ ಮಿತಿಮೀರಿದ್ದರೆ ಆಗ ಮಾತ್ರ ಪೊರೆಯ ಯಂತ್ರವು ಅಗತ್ಯವಾಗುತ್ತದೆ. ನೆರೆಮನೆಯವರು ತಂದರೆಂದು ನಾವೂ ತರುವುದು, ಅವರ ಕಾಯಿಲೆಯ ಔಷಧವನ್ನು ನಾವು ಕುಡಿದಂತೆ.

ಶೋಧಕವನ್ನು ಹೂಡುವಾಗ ಅನುಸರಿಸಬೇಕಾದ ಕ್ರಮವೊಂದಿದೆ. ಬಿಸಿಲು ಬೀಳದ, ಒಲೆಯಿಂದ ದೂರವಾದ, ಕೈಗೆ ಎಟಕುವ ಗೋಡೆಯನ್ನು ಆರಿಸಬೇಕು. ನೀರು ಮೊದಲು ಕೆಸರನ್ನು ತಡೆಯುವ ಶೋಧಕವನ್ನೂ, ಬಳಿಕ ವಾಸನೆ ಮತ್ತು ಕ್ಲೋರಿನ್ನನ್ನು ಹೀರುವ ಇದ್ದಿಲಿನ ಶೋಧಕವನ್ನೂ, ಅಗತ್ಯವಿದ್ದರೆ ಪೊರೆಯನ್ನೂ, ಕಡೆಗೆ ನೇರಳಾತೀತ ದೀಪವನ್ನೂ ಹಾಯ್ದು ಬರಬೇಕು. ಈ ಕ್ರಮವು ಸಕಾರಣವಾದುದು. ಕೆಸರು ಪೊರೆಯನ್ನು ಕಟ್ಟಿಬಿಡುತ್ತದೆ. ಕ್ಲೋರಿನ್ ಅದನ್ನು ಕೆಡಿಸುತ್ತದೆ. ಕದಡಿದ ನೀರಿನಲ್ಲಿ ರೋಗಾಣುಗಳು ಮಣ್ಣಿನ ಕಣಗಳ ಮರೆಯಲ್ಲಿ ಅಡಗಿ ಕಿರಣದಿಂದ ತಪ್ಪಿಸಿಕೊಳ್ಳುತ್ತವೆ. ವಿದ್ಯುತ್ತಿನ ಸಂಪರ್ಕಕ್ಕೆ ಅರ್ತಿಂಗ್ ಇರಬೇಕು. ಪ್ಲಗ್ಗಿನ ಮೇಲೆ ನೀರು ಸಿಡಿಯಬಾರದು. ಹೊರಬೀಳುವ ನೀರಿನ ಕೊಳವೆಯನ್ನು ಮೋರಿಗೆ ಬಿಡದೆ ತೊಟ್ಟಿಗೆ ಇಳಿಸಿದರೆ ನೆಲ ಸಾರಿಸಲು, ಶೌಚಾಲಯಕ್ಕೆ ಉಪಯೋಗವಾಗುತ್ತದೆ. ಹೊಸ ಶೋಧಕದಿಂದ ಮೊದಲು ಬರುವ ನೀರನ್ನು ತಯಾರಕರು ಹೇಳಿದಷ್ಟು ಹೊರಚೆಲ್ಲಬೇಕು. ಆಮೇಲೆ ಬಂದ ನೀರನ್ನು ಮತ್ತೊಮ್ಮೆ ಪರೀಕ್ಷಿಸಿದಾಗಲೇ ಕೆಲಸ ಪೂರ್ಣವಾಯಿತೆಂದು ತಿಳಿಯಬೇಕು.

ಹೂಡಿದ ಶೋಧಕವನ್ನು ಮರೆತರೆ ಅದೇ ರೋಗದ ಬೀಡಾಗುತ್ತದೆ. ತಡೆದಿಟ್ಟ ಹೊಲಸೆಲ್ಲ ಅದರೊಳಗೇ ಇರುವುದಷ್ಟೆ! ಕ್ಯಾಂಡಲನ್ನು ವಾರಕ್ಕೊಮ್ಮೆ ಹರಿಯುವ ನೀರಿನಲ್ಲಿ ಮೆತ್ತನೆಯ ಬ್ರಷ್ಷಿನಿಂದ ಉಜ್ಜಬೇಕು; ಸೋಪನ್ನು ಮುಟ್ಟಿಸಬಾರದು; ಕೂದಲೆಳೆಯಷ್ಟು ಬಿರುಕು ಕಂಡರೂ ಎಸೆಯಬೇಕು. ಇದ್ದಿಲು, ಪೊರೆ, ದೀಪಗಳಿಗೆ ಆಯುಷ್ಯವುಂಟು. ಅವನ್ನು ಹಾಕಿದ ದಿನಾಂಕವನ್ನು ಯಂತ್ರದ ಮೇಲೆಯೇ ಬರೆದಿಡುವುದು ಜಾಣತನ. ಕ್ಲೋರಿನ್ ಕಳೆದ ನೀರಿಗೆ ಕಾವಲು ಇಲ್ಲದ ಕಾರಣ ಅದನ್ನು ಬಹುದಿನ ಕೂಡಿಡಬಾರದು. ಶುದ್ಧವಾದ ನೀರನ್ನು ಮುಚ್ಚಿದ ಪಾತ್ರೆಯಲ್ಲಿಟ್ಟು, ನಲ್ಲಿಯಿಂದಲೋ ಉದ್ದ ಹಿಡಿಯ ಸೌಟಿನಿಂದಲೋ ತೆಗೆಯಬೇಕು. ತೊಳೆಯದ ಕೈಯ ಲೋಟವನ್ನು ಕೊಡದೊಳಕ್ಕೆ ಅದ್ದಿದ ಗಳಿಗೆಯಲ್ಲಿ ಶೋಧಕದ ಶ್ರಮವೆಲ್ಲವೂ ವ್ಯರ್ಥವಾಗುತ್ತದೆ.

ಯಂತ್ರವನ್ನು ಕೊಳ್ಳಲಾರದವರಿಗೆ ಆಕಾಶವೇ ಆಸರೆ. ಮಳೆನೀರು ಬಂಡೆಯನ್ನು ಮುಟ್ಟಿದುದಲ್ಲ; ಆದ್ದರಿಂದ ಬಂಡೆಯ ಫ್ಲೋರೈಡ್ ಅದರಲ್ಲಿಲ್ಲ. ಒಂದು ಚದರ ಮೀಟರು ಚಾವಣಿಯ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಒಂದು ಲೀಟರು ನೀರಾಗುತ್ತದೆ. ಐವತ್ತು ಚದರ ಮೀಟರಿನ ಚಾವಣಿಯ ಮೇಲೆ ಇಪ್ಪತ್ತು ಮಿಲಿಮೀಟರಿನ ಒಂದು ಹದಮಳೆ ಸುರಿದರೆ ಸಾವಿರ ಲೀಟರು. ಅದರಲ್ಲಿ ಎಂಟುನೂರು ಲೀಟರು ಕೈಗೆ ಸಿಕ್ಕಿದರೂ ಐದು ಮಂದಿಗೆ ನಲವತ್ತು ದಿನಗಳ ಕುಡಿಯುವ ನೀರು ಒದಗಿತು! ಚಾವಣಿಯನ್ನು ತೊಳೆದ ಮೊದಲ ನೀರನ್ನು ಹೊರಬಿಟ್ಟು, ಉಳಿದುದನ್ನು ಜಲ್ಲಿ, ಮರಳು, ಇದ್ದಿಲಿನ ಪದರಗಳಲ್ಲಿ ಸೋಸಿ, ಬೆಳಕು ಹೋಗದ ತೊಟ್ಟಿಯಲ್ಲಿ ತುಂಬಿ, ಕುದಿಸಿ ಕುಡಿಯಬೇಕು.

ಮನೆಯ ಶೋಧಕವು ಮನೆಯವರನ್ನು ಕಾಪಾಡುತ್ತದೆ. ಊರನ್ನು ಕಾಪಾಡಲು ಅದರಿಂದಾಗದು. ಕೆರೆಗೆ ಚರಂಡಿಯನ್ನು ತಿರುಗಿಸಿ, ಬೆಟ್ಟದ ಕಾಡನ್ನು ಕಡಿದು, ಬಾವಿಯ ಪಕ್ಕದಲ್ಲೇ ಕೊಳಚೆಗುಂಡಿಯನ್ನು ತೋಡಿ, ಬಳಿಕ ಅಡಿಗೆಮನೆಯ ಗೋಡೆಗೆ ಯಂತ್ರವನ್ನು ತಗುಲಿಸಿದರೆ ಬಲ್ಲವರು ಅದನ್ನು ಶುದ್ಧೀಕರಣವೆನ್ನರು. ಯಂತ್ರವನ್ನು ಕೊಳ್ಳಬಲ್ಲವನು ಅದರ ಮರೆಯಲ್ಲಿ ನಿಶ್ಚಿಂತನಾದರೆ, ಕೊಳ್ಳಲಾರದವನ ಮಕ್ಕಳು ಅದೇ ಕೆರೆಯ, ಅದೇ ಬಾವಿಯ ನೀರನ್ನು ಕುಡಿಯುತ್ತಾರೆ. ನೀರನ್ನು ಪರೀಕ್ಷಿಸಿ ತಿಳಿಯುವುದು, ತಕ್ಕ ರೀತಿಯಲ್ಲಿ ಶೋಧಿಸುವುದು, ಅದರ ಮೂಲವನ್ನು ಕಾಯುವುದು, ಈ ಮೂರೂ ಒಂದೇ ಕರ್ತವ್ಯದ ಮೂರು ಮುಖಗಳು. ವಿದ್ಯಾವಂತನಾದವನು ತನ್ನ ಮನೆಯ ಕೊಡದಿಂದಲೇ ಆ ಕರ್ತವ್ಯವನ್ನು ಆರಂಭಿಸಬಹುದು.

ಅಭ್ಯಾಸ

೧. ನೆಲವು ನೀರನ್ನು ಶೋಧಿಸುವುದರೊಡನೆ ಅದಕ್ಕೆ ಏನನ್ನು ಸೇರಿಸುತ್ತದೆ? ವಿವರಿಸಿರಿ.
೨. ಹ್ಯಾಂಬರ್ಗ್ ಮತ್ತು ಆಲ್ಟೋನಾ ನಗರಗಳ ಅನುಭವದಿಂದ ತಿಳಿದುಬರುವ ಸತ್ಯವೇನು?
೩. ‘ಅಕ್ಕರೆಯೊಂದೇ ಸಾಲದು, ಅರಿವೂ ಬೇಕು.’ ಈ ಮಾತನ್ನು ಪಾಠದ ಆಧಾರದಿಂದ ಸಮರ್ಥಿಸಿರಿ.
೪. ಶೋಧಕದ ಭಾಗಗಳನ್ನು ನಿರ್ದಿಷ್ಟ ಕ್ರಮದಲ್ಲಿಯೇ ಜೋಡಿಸಬೇಕು, ಏಕೆ?
೫. ನಿಮ್ಮ ಮನೆಯ ಚಾವಣಿಯನ್ನು ಅಳೆದು, ಹತ್ತು ಮಿಲಿಮೀಟರು ಮಳೆಯಿಂದ ಎಷ್ಟು ನೀರು ದೊರೆಯಬಹುದೆಂದು ಲೆಕ್ಕಹಾಕಿರಿ.
೬. ನಿಮ್ಮ ಊರಿನ ಕುಡಿಯುವ ನೀರು ಎಲ್ಲಿಂದ ಬರುತ್ತದೆ, ಅದರ ಮೂಲವು ಯಾವ ಸ್ಥಿತಿಯಲ್ಲಿದೆ ಎಂಬುದನ್ನು ಹಿರಿಯರಿಂದ ವಿಚಾರಿಸಿ ಒಂದು ಪ್ರಬಂಧವನ್ನು ಬರೆಯಿರಿ.